ಆಟಗಾರ ವಿದ್ಯಾರ್ಥಿಗಳ ವಲಸೆ: ತಪ್ಪೋ, ಒಪ್ಪೋ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಶಾಲೆಯ ಗತವೈಭವವನ್ನು ಬರೆಯಲು ಸಮರ್ಥರು ಅನೇಕರಿದ್ದಾರೆ, ನಾನು ಆಟದ ಬಯಲಿನ ಹಳೆಯ ತಕರಾರೊಂದನ್ನು ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ನಮ್ಮ ಬಯಲಿನಲ್ಲಿ ಬಿದ್ದು, ಎದ್ದು, ಮೊಳಕಾಲು ತರಚಿಕೊಂಡು ಕಬಡ್ಡಿ ಕಲಿತ ಹುಡುಗ, ಬರಿಗಾಲಿನಲ್ಲಿ ಓಟ ಕಲಿತ ಹುಡುಗಿ, ಶಾಲೆಗೆ ಕಪ್ಪು ತಂದುಕೊಡುವ ಹೊತ್ತಿಗೆ ಸರಿಯಾಗಿ ವರ್ಗಾವಣೆ ಪತ್ರ ಕೇಳಲು ಬಂದು ನಿಲ್ಲುತ್ತಾರೆ. ಶಿರಾಕ್ಕೋ, ತುಮಕೂರಿಗೋ, ಬೆಂಗಳೂರಿಗೋ ಹೊರಟುಹೋಗುತ್ತಾರೆ. “ನೀರೆರೆದವರು ನಾವು, ಹಣ್ಣು ತಿನ್ನುವವರು ಅವರು” ಎಂಬ ಮಾತನ್ನು ಅಧ್ಯಾಪಕರ ಕೊಠಡಿಯಲ್ಲಿ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ದೈಹಿಕ ಶಿಕ್ಷಕನಾಗಿದ್ದ ನಾನೇ ಅದನ್ನು ಆಡಿದ್ದೂ ಉಂಟು. ಇಂದು ಆ ಮಾತನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಪೂರ್ತಿಯಾಗಿ ಅಲ್ಲ.

ನಮ್ಮ ತಾಲ್ಲೂಕಿನ ಭೂಪಟವನ್ನು ನೋಡಿದವರಿಗೆ ಈ ವಲಸೆ ಆಶ್ಚರ್ಯವೆನಿಸದು. ಮಡಕಶಿರ ಕರ್ನಾಟಕದೊಳಕ್ಕೆ ಚಾಚಿಕೊಂಡಿರುವ ಆಂಧ್ರದ ನೆಲ. ರಾಯದುರ್ಗದವರು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದರು. ನಾವು ಅದಕ್ಕೆ ಮೊದಲೂ ಅನಂತಪುರ ಜಿಲ್ಲೆಯವರೇ. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯವರಾಗಿದ್ದೇವೆ. ಜಿಲ್ಲೆಯ ಹೆಸರು ಬದಲಾಯಿತು, ಮಕ್ಕಳು ಹತ್ತುವ ಬಸ್ಸು ಬದಲಾಗಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಇಲ್ಲಿ ಮುಂದಿನ ದಾರಿ ಕಿರಿದು. ಆದ್ದರಿಂದ ಓದುವ ಮಕ್ಕಳು ಗಡಿ ದಾಟುತ್ತಾರೆ. ಅವರನ್ನು ನಾವು ಹಾರ ಹಾಕಿ ಕಳುಹಿಸುತ್ತೇವೆ. ಆಡುವ ಮಗು ಅದೇ ಬಸ್ಸು ಹತ್ತಿದರೆ ಮಾತ್ರ ಕೃತಘ್ನನೆನ್ನುವುದು ಯಾವ ನ್ಯಾಯ?

ಆಂಧ್ರದಲ್ಲಿ ಸೌಕರ್ಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅನಂತಪುರದ ಆರ್.ಡಿ.ಟಿ. ಸಂಸ್ಥೆಯ ಕ್ರೀಡಾಂಗಣದಲ್ಲಿ 2024ರಲ್ಲಿ ದುಲೀಪ್ ಟ್ರೋಫಿ ಪಂದ್ಯಗಳು ನಡೆದವು. ಅದೇ ಊರಿನಲ್ಲಿ 2010ರಲ್ಲಿ ರಾಫೆಲ್ ನಡಾಲ್ ಪ್ರತಿಷ್ಠಾನದ ಟೆನಿಸ್ ಶಾಲೆ ಆರಂಭವಾಯಿತು. ಕಡಪದಲ್ಲಿ ಕ್ರೀಡಾಶಾಲೆ ಇದೆ. ಹಿಂದೆ ನಾವು ಮಕ್ಕಳನ್ನು ಆಯ್ಕೆಗೆ ಕಳುಹಿಸುತ್ತಿದ್ದ ಹಕೀಂಪೇಟೆಯ ಶಾಲೆ 2014ರಲ್ಲಿ ತೆಲಂಗಾಣದ ಪಾಲಾಯಿತು. ಆದರೆ ಹದಿಮೂರು ವರ್ಷದ ಮಗುವಿಗೆ ಮನೆ ಬಿಟ್ಟಿರುವುದೇ ಕಷ್ಟ. ವಸತಿಗೃಹದಲ್ಲಿ ರಾತ್ರಿ ಜ್ವರ ಬಂದರೆ ಹೇಳಿಕೊಳ್ಳಲು ತನ್ನ ಮಾತೂ ಇಲ್ಲವಾದರೆ? ತುಮಕೂರು ಹತ್ತಿರವೆನಿಸುವುದು ಕೇವಲ ಮೈಲಿಗಳ ಲೆಕ್ಕದಿಂದಲ್ಲ.

ದೊಡ್ಡ ಆಟಗಾರರೆಲ್ಲ ಸ್ಥಳ ಬದಲಿಸಿಯೇ ಬೆಳೆದವರು. ವಿಶಾಖಪಟ್ಟಣದ ಜ್ಯೋತಿ ಯರ್ರಾಜಿ ಹೈದರಾಬಾದಿಗೆ ಹೋದರು, ಗುಂಟೂರಿನಲ್ಲಿ ಅಭ್ಯಾಸ ಮಾಡಿದರು, ಕೊನೆಗೆ ಭುವನೇಶ್ವರ ಸೇರಿದರು. 2023ರಲ್ಲಿ ಏಷ್ಯನ್ ಅಥ್ಲೆಟಿಕ್ಸ್‌ನ ನೂರು ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದರು. ಟೆಸ್ಟ್ ಪಂದ್ಯದಲ್ಲಿ ತ್ರಿಶತಕ ಬಾರಿಸಿದ ಕರುಣ್ ನಾಯರ್ ಅವರಿಗೂ ಕರ್ನಾಟಕ ತಂಡದಲ್ಲಿ ಸ್ಥಾನ ಸಿಗದಾದಾಗ 2023ರಲ್ಲಿ ವಿದರ್ಭಕ್ಕೆ ಹೋಗಬೇಕಾಯಿತು. ಆ ತಂಡದೊಡನೆ ರಣಜಿ ಟ್ರೋಫಿ ಗೆದ್ದು 2025ರಲ್ಲಿ ಮರಳಿ ಬಂದರು. ಅಮೆರಿಕದ ಕಾಲೇಜುಗಳಲ್ಲಿ ಮೊದಲು ಪ್ರಮುಖ ಆಟಗಳ ವಿದ್ಯಾರ್ಥಿ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಬಾರಿಗೆ ಆ ನಿಯಮ ಸಡಿಲವಾಯಿತು. 2024ರಿಂದ ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಬಾರಿಯಾದರೂ ಬದಲಿಸಬಹುದು. ಅಲ್ಲಿಯೂ ಹಳೆಯ ತರಬೇತುದಾರರು ನಮ್ಮಂತೆಯೇ ಗೊಣಗುತ್ತಾರಂತೆ.

ನಾನು ಗೊಣಗುವುದರಲ್ಲಿಯೇ ನಿಲ್ಲಲಿಲ್ಲ. ಬಹಳ ವರ್ಷಗಳ ಹಿಂದೆ ಓಟಗಾರ್ತಿಯೊಬ್ಬಳು ಗಡಿಯಾಚೆಯ ಕ್ರೀಡಾ ವಸತಿನಿಲಯಕ್ಕೆ ಆಯ್ಕೆಯಾಗಿ ವರ್ಗಾವಣೆ ಪತ್ರ ಕೇಳಿದಳು. “ಜೋನಲ್ ಪಂದ್ಯಗಳು ಮುಗಿಯಲಿ, ಆಮೇಲೆ ಕೊಡೋಣ” ಎಂದು ಕಚೇರಿಯವರಿಗೆ ಹೇಳಿದವನು ನಾನು. ಜೋನಲ್‌ನಲ್ಲಿ ಆಕೆ ನಮಗೆ ಎರಡು ಪದಕ ತಂದಳು. ಅಷ್ಟರಲ್ಲಿ ಪ್ರವೇಶದ ದಿನಾಂಕ ಕಳೆದಿತ್ತು. ಆಕೆ ಮುಂದೆ ಓಡಲಿಲ್ಲ. ಆ ಪದಕಗಳ ಫಲಕವನ್ನು ಶಾಲೆಯ ಗೋಡೆಯ ಮೇಲೆ ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಆ ಅಳುಕಿನಿಂದಲೇ ಇರಬೇಕು, ಮುಂದೊಮ್ಮೆ ಇದಕ್ಕೆ ವಿರುದ್ಧವಾದ ತಪ್ಪು ಮಾಡಿದೆ. ಕಡಲೆಕಾಯಿ ಬೆಳೆಯುವ ಬಡ ಕುಟುಂಬದ ಹುಡುಗ. ಎದುರಾಳಿಯ ಅಂಕಣಕ್ಕೆ ದಾಳಿಗೆ ಹೋದರೆ ಬರಿಗೈಯಲ್ಲಿ ಬಂದವನಲ್ಲ. ಕಾಲೇಜೊಂದರವರು ಊಟ, ವಸತಿ, ಶುಲ್ಕ ಎಲ್ಲವೂ ಉಚಿತವೆಂದು ಅವನನ್ನು ಕರೆದರು. ಕಾಗದ ಪತ್ರವೇನೂ ಇಲ್ಲ, ಎಲ್ಲವೂ ಬಾಯಿಮಾತು. ನಾನು ಒಂದು ಪ್ರಶ್ನೆಯನ್ನೂ ಕೇಳದೆ ಕಳುಹಿಸಿದೆ. ಎರಡನೆಯ ವರ್ಷ ಅವನ ಮೊಳಕಾಲಿನ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆ ಮಾಡಿಸಿದರೂ ಮತ್ತೆ ಕಣಕ್ಕಿಳಿಯಲು ಎಂಟೊಂಬತ್ತು ತಿಂಗಳು ಬೇಕಾಗುವ ಪೆಟ್ಟು ಅದು. ಮುಂದಿನ ವರ್ಷದ ಆರಂಭದಲ್ಲಿಯೇ ಪೂರ್ಣ ಶುಲ್ಕ ಕಟ್ಟಬೇಕೆಂಬ ಚೀಟಿ ಬಂತು. ಅವನ ತಂದೆ ಆ ಚೀಟಿಯನ್ನು ಹಿಡಿದು ನಮ್ಮ ಮನೆಗೆ ಬಂದರು. “ನೀವು ಕಳಿಸು ಅಂದ್ರಿ, ಕಳಿಸ್ದೆ ಮೇಷ್ಟ್ರೇ. ಈಗ ಯಾರನ್ನ ಕೇಳ್ಲಿ?” ಎಂದರು. ಕೇಳಲು ಯಾರೂ ಇರಲಿಲ್ಲ. ಪದವಿ ಅಲ್ಲಿಗೇ ನಿಂತಿತು. ಅವನೀಗ ಹಿಂದೂಪುರದ ಕಡೆ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ.

ಮಗು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಾವು ಇಷ್ಟು ವರ್ಷ ಜಗಳವಾಡಿದೆವು. ಕಾಲು ಮುರಿದ ದಿನ ಅದು ಯಾರ ಮಗು ಎಂಬುದನ್ನು ಕೇಳಲೇ ಇಲ್ಲ. ಎಲ್ಲ ಸಂಸ್ಥೆಗಳೂ ಒಂದೇ ಬಗೆಯವೆಂದು ನನ್ನ ಅಭಿಪ್ರಾಯವಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಆಟಗಾರರನ್ನು ದತ್ತು ಪಡೆದು ಉಚಿತವಾಗಿ ಓದಿಸುತ್ತ ಬಂದಿದೆ. ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಗೆದ್ದ ಪ್ರಶಸ್ತಿಗಳ ಹಿಂದೆ ಆ ಮಕ್ಕಳ ಶ್ರಮ ದೊಡ್ಡದು. ಆದರೆ ಯಾವ ಸಂಸ್ಥೆಯೇ ಆಗಲಿ, ಗಾಯವಾದರೂ ಪದವಿ ಮುಗಿಯುವವರೆಗೆ ಶುಲ್ಕ ಮತ್ತು ವಸತಿಯ ರಿಯಾಯಿತಿ ಮುಂದುವರಿಯುವುದೆಂದು ಬರಹದಲ್ಲಿ ಕೊಡಲಿ. ಕೊಡಲು ಹಿಂಜರಿಯುವವರಿಗೆ ಬೇಕಾಗಿರುವುದು ಕಾಲು ಮಾತ್ರ, ವಿದ್ಯಾರ್ಥಿಯಲ್ಲ.

ಇನ್ನೊಂದು ಸಂಗತಿಯನ್ನೂ ಪೋಷಕರು ತಿಳಿದಿರಬೇಕು. ಶಾಲಾ ಕ್ರೀಡೆಗಳಲ್ಲಿ ಮಗು ಪ್ರತಿನಿಧಿಸುವುದು ತಾನು ಓದುವ ಶಾಲೆಯ ರಾಜ್ಯವನ್ನು. ಕರ್ನಾಟಕದ ಪರವಾಗಿ ಆಡಿ ಪಡೆದ ಪ್ರಮಾಣಪತ್ರಕ್ಕೆ ಮುಂದೆ ಆಂಧ್ರದ ಕ್ರೀಡಾ ಮೀಸಲಾತಿಯಲ್ಲಿ ಬೆಲೆ ಉಂಟೇ, ಮಡಕಶಿರದ ವಾಸದ ದಾಖಲೆಯುಳ್ಳವನಿಗೆ ಕರ್ನಾಟಕದಲ್ಲಿ ಬೆಲೆ ಉಂಟೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಬೇಕು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂಬ ವರ್ಗಕ್ಕೆ ಮನ್ನಣೆ ಇದೆ. ಕ್ರೀಡಾ ವಸತಿನಿಲಯಗಳಲ್ಲಿಯೂ ಅಂಥ ಮನ್ನಣೆ ದೊರೆಯಬೇಕೆಂದು ನಮ್ಮ ಸಂಘ ಸಂಸ್ಥೆಗಳು ಒತ್ತಾಯಿಸಿದರೆ, ವೇದಿಕೆಯ ಭಾಷಣಗಳಿಗಿಂತ ಅದು ಹೆಚ್ಚಿನ ಕನ್ನಡ ಸೇವೆಯಾದೀತು.

ವರ್ಗಾವಣೆ ಪತ್ರವನ್ನು ಕೇಳಿದ ದಿನವೇ ಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿಸಿದ್ದೇನೆ, ಅವರು ಒಪ್ಪಿದ್ದಾರೆ. ಜೊತೆಗೆ ಕಚೇರಿಯಲ್ಲಿ ಒಂದು ಪುಸ್ತಕವಿರಲಿ. ಯಾವ ಮಗು ಯಾವ ಸಂಸ್ಥೆಗೆ ಹೋಯಿತು, ಅವರು ಬರಹದಲ್ಲಿ ಏನು ಒಪ್ಪಿದ್ದಾರೆ, ಆ ಊರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿ ಯಾರು ಎಂಬುದನ್ನು ಅದರಲ್ಲಿ ಬರೆಯೋಣ. ವರ್ಷಕ್ಕೆರಡು ಬಾರಿ ಆ ಹಿರಿಯ ವಿದ್ಯಾರ್ಥಿ ಹೋಗಿ ಮಗುವನ್ನು ಮಾತನಾಡಿಸಿ ಬಂದರೆ ಸಾಕು. ಈ ವರ್ಷ ಹೊರಟಿರುವವರು ಇಬ್ಬರು. ಒಬ್ಬಳು ತುಮಕೂರಿಗೆ, ಒಬ್ಬ ಬೆಂಗಳೂರಿಗೆ. ಆ ಊರುಗಳಲ್ಲಿ ನೆಲೆಸಿರುವವರು ಸಮಾರಂಭದ ದಿನ ಕಬಡ್ಡಿ ಅಂಕಣದ ಬಳಿ ನನ್ನನ್ನು ಕಾಣಬಹುದು. ಗೆರೆ ಹಾಕಲು ಆ ಹುಡುಗನೂ ಹಿಂದೂಪುರದಿಂದ ಬರುತ್ತೇನೆಂದು ಹೇಳಿಕಳುಹಿಸಿದ್ದಾನೆ.