ಕಲ್ಲನ್ನು ಓದಲು ಯಾವ ಕ್ಯಾಮೆರಾ?

ಕನ್ನಡ ಶಾಸನಾಧ್ಯಯನದ ಮೊದಲ ಪುಟಗಳಲ್ಲಿಯೇ ಕ್ಯಾಮೆರಾ ಇದೆ. ಮೇಜರ್ ಡಿಕ್ಸನ್ 1865ರಲ್ಲಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಓದತೊಡಗಿದ ಬಿ. ಎಲ್. ರೈಸ್ 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಗ್ರಂಥವನ್ನು ಹೊರತಂದರು. 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಮಹಾಕಾರ್ಯಕ್ಕೆ ಪೀಠಿಕೆಯಾದದ್ದು ಅದೇ ಓದು. ಅಂದಿನ ಛಾಯಾಗ್ರಾಹಕನು ಗಾಜಿನ ಫಲಕಗಳನ್ನೂ ರಾಸಾಯನಿಕಗಳನ್ನೂ ಗಾಡಿಯ ಮೇಲೆ ಹೇರಿಕೊಂಡು ಊರೂರು ತಿರುಗಬೇಕಾಗಿತ್ತು. ಇಂದು ಆ ಹೊರೆಯಿಲ್ಲ. ಹೊರೆ ತಪ್ಪಿದ ಮೇಲೆ ಆಯ್ಕೆಯ ತೊಡಕು ಬಂದಿದೆ.

ಸೋಲಾಪುರ, ಅಕ್ಕಲಕೋಟ ಭಾಗದ ಕನ್ನಡ ವಿಭಾಗವೊಂದು ಕ್ಷೇತ್ರಕಾರ್ಯಕ್ಕಾಗಿ ಒಂದು ಕ್ಯಾಮೆರಾ ಕೊಳ್ಳಲು ಹೊರಟರೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು, ಮಸೂರವನ್ನು ಬದಲಿಸಬಹುದಾದ ಪ್ರವೇಶಮಟ್ಟದ ಡಿಎಸ್‌ಎಲ್‌ಆರ್. ಇನ್ನೊಂದು, ಅಂಗಿಯ ಜೇಬಿನಲ್ಲಿ ಹಿಡಿಯುವ ಕಾಂಪ್ಯಾಕ್ಟ್. ಸಾಮಾನ್ಯವಾಗಿ ಮೊದಲನೆಯದಕ್ಕೇ ಒಲವು ಹೆಚ್ಚು. ದೊಡ್ಡದು ಒಳ್ಳೆಯದೆಂಬ ನಂಬಿಕೆ ಒಂದು ಕಾರಣವಾದರೆ, ಕೊರಳಿಗೆ ಕಪ್ಪು ಪಟ್ಟಿ ಹಾಕಿಕೊಂಡು ನಿಂತವನಿಗೆ ದೊರೆಯುವ ಗೌರವ ಇನ್ನೊಂದು. ಆದರೆ ಕನ್ನಡ ಐಚ್ಛಿಕ ವಿದ್ಯಾರ್ಥಿಯು ಈ ನೆಲದಲ್ಲಿ ಮಾಡಬೇಕಾದ ಕೆಲಸವನ್ನು ಎದುರಿಗಿಟ್ಟುಕೊಂಡು ನೋಡಿದರೆ ಜೇಬಿನ ಕ್ಯಾಮೆರಾವೇ ಮೇಲೆನಿಸುತ್ತದೆ. ಹಾಗೆಂದು ಯಾವುದೋ ಒಂದು ಜೇಬಿನ ಕ್ಯಾಮೆರಾ ಅಲ್ಲ.

ಈ ನೆಲದ ಕೆಲಸವೆಂದರೆ ಮೊದಲಿಗೆ ಕಲ್ಲು. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಸಂಪಾದಿಸಿದ ಸೋಲಾಪುರ ಜಿಲ್ಲೆಯ ಶಾಸನಗಳ ಸಂಪುಟವನ್ನು ತೆರೆದವರಿಗೆ ಇಲ್ಲಿಯ ಹೊಲ, ಗುಡಿ, ಕೆರೆಯ ಏರಿಗಳಲ್ಲಿ ಕನ್ನಡ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ತಿಳಿದೇ ಇದೆ. ಅಕ್ಕಲಕೋಟಕ್ಕೆ ಶಿಲಾಹಾರ ಇಂದರಸನ ಶಾಸನವಿದೆ. ದಕ್ಷಿಣ ಸೋಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯು ಭೀಮೆಯನ್ನು ಸೇರುವ ಎಡೆಯಲ್ಲಿ ಸಂಗಮೇಶ್ವರನ ಗುಡಿಯಿದೆ. ಶಕ 940ರ, ಎಂದರೆ ಕ್ರಿ. ಶ. 1018ರ ಶಾಸನವನ್ನು ಆನಂದ ಕುಂಭಾರರು ಬೆಳಕಿಗೆ ತಂದದ್ದು ಆ ಗುಡಿಯ ತೊಲೆಯ ಮೇಲಿನಿಂದ. ಮರಾಠಿಯ ಅತಿ ಹಳೆಯ ಶಾಸನವಾಕ್ಯಗಳ ಸಾಲಿನಲ್ಲಿ ಎಣಿಸುವ ವಾಕ್ಯ ಅದರಲ್ಲಿದೆ. ಎರಡು ಹೊಳೆಗಳು ಕೂಡುವ ಊರಿಗೆ ಕೂಡಲವೆಂಬ ಕನ್ನಡದ ಹೆಸರು, ಅದರ ಗುಡಿಯ ತೊಲೆಯಲ್ಲಿ ಮರಾಠಿಯ ಮೊದಮೊದಲ ನುಡಿ. ಗಡಿಯ ಜಗಳಗಳಿಗೆ ಸಾವಿರ ವರ್ಷ ಹಿಂದಿನ ಈ ನೆರೆಹೊರೆ ಗೊತ್ತಿರುವಂತೆ ಕಾಣುವುದಿಲ್ಲ.

ಇಂಥ ಕಲ್ಲುಗಳು ಹಾಗೆಯೇ ಉಳಿದುಕೊಂಡಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಗೆ ಎಣ್ಣೆಬಣ್ಣ ಬಳಿದರೆ ಅಕ್ಷರಗಳು ಬಣ್ಣದ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಬಚ್ಚಲಿನ ಚಪ್ಪಡಿಯಾದ ಕಲ್ಲು, ಬಟ್ಟೆ ಒಗೆಯುವ ಬಂಡೆಯಾದ ಕಲ್ಲು ಹಳ್ಳಿಗಳಲ್ಲಿ ಅಪರೂಪವಲ್ಲ. ಇಂದು ತೆಗೆದ ಚಿತ್ರವೇ ನಾಳೆ ಉಳಿಯುವ ಏಕೈಕ ಪಾಠವಾಗಬಹುದು. ಆ ಚಿತ್ರದಲ್ಲಿ ಕಲ್ಲಿನ ಅಂದ ಮೂಡಿ ಅಕ್ಷರ ಮೂಡದಿದ್ದರೆ ಕಿರುಪ್ರಬಂಧದ ಅನುಬಂಧಕ್ಕೆ ಒಂದು ಪುಟ ಹೆಚ್ಚುತ್ತದೆ, ಅಷ್ಟೆ.

ಅಕ್ಷರ ಮೂಡುವುದು ಯಾವುದರಿಂದ? ಮೆಗಾಪಿಕ್ಸೆಲ್‌ಗಳಿಂದ ಎಂಬುದು ಅಂಗಡಿಯ ಉತ್ತರ. ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ನಿಕಾನ್ ಡಿ3500 ಎಂಬ ಪ್ರವೇಶಮಟ್ಟದ ಡಿಎಸ್‌ಎಲ್‌ಆರ್‌ನ ಚಿತ್ರವು ಉದ್ದಕ್ಕೆ 6000, ಅಡ್ಡಕ್ಕೆ 4000 ಬಿಂದುಗಳಷ್ಟಿರುತ್ತದೆ. ಸೋನಿ ಆರ್‌ಎಕ್ಸ್100 ಎಂಬ ಜೇಬಿನ ಕ್ಯಾಮೆರಾದ ಚಿತ್ರದಲ್ಲಿ ಉದ್ದಕ್ಕೆ 5472, ಅಡ್ಡಕ್ಕೆ 3648. ಒಂದೂವರೆ ಮೀಟರ್ ಎತ್ತರದ ಶಾಸನಶಿಲೆಯು ಚಿತ್ರದ ಉದ್ದವನ್ನು ಪೂರ್ತಿ ತುಂಬಿದರೆ ಎರಡು ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ ಮೊದಲನೆಯದರಲ್ಲಿ 80 ಬಿಂದುಗಳು, ಎರಡನೆಯದರಲ್ಲಿ 73. ಎಂಬತ್ತರಲ್ಲಿ ಓದಲು ಬಾರದ ಅಕ್ಷರ ಎಪ್ಪತ್ತಮೂರರಲ್ಲಿ ಬಂದೀತೆಂಬ ಆಸೆ ಬೇಡ, ಆದರೆ ಎಂಬತ್ತರಲ್ಲಿ ಬಂದದ್ದು ಎಪ್ಪತ್ತಮೂರರಲ್ಲಿಯೂ ಬರುತ್ತದೆ.

ಡಿಎಸ್‌ಎಲ್‌ಆರ್‌ನ ನಿಜವಾದ ಬಲವಿರುವುದು ಬೇರೆ ಕಡೆ. ಬೆಳಕನ್ನು ಹಿಡಿಯುವ ಅದರ ಸೆನ್ಸರ್ ಸುಮಾರು 23.5 ಮಿ.ಮೀ. ಉದ್ದ, 15.6 ಮಿ.ಮೀ. ಅಗಲದ್ದು. ಒಳ್ಳೆಯ ಕಾಂಪ್ಯಾಕ್ಟ್‌ಗಳಲ್ಲಿರುವ 'ಒಂದಿಂಚಿನ' ಸೆನ್ಸರ್ 13.2ಕ್ಕೆ 8.8 ಮಿ.ಮೀ. (ಹೆಸರಿಗಷ್ಟೇ ಒಂದಿಂಚು). ವಿಸ್ತೀರ್ಣದಲ್ಲಿ ಮೂರು ಪಟ್ಟಿಗಿಂತ ತುಸು ಹೆಚ್ಚಿನ ಅಂತರ. ಮಂದಬೆಳಕಿನಲ್ಲಿ ಚಲಿಸುವ ವಸ್ತುವನ್ನು ಹಿಡಿಯುವಾಗ ಈ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಚಿಕ್ಕ ಸೆನ್ಸರ್‌ನ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳುಕಾಳು ಎದ್ದುಬರುತ್ತದೆ. ಆದರೆ ಶಾಸನವು ಚಲಿಸುವುದಿಲ್ಲ. ಒಂಬೈನೂರು ವರ್ಷ ಕದಲದೆ ನಿಂತದ್ದು ಇನ್ನೆರಡು ಸೆಕೆಂಡು ನಿಲ್ಲಬಲ್ಲದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂಡಿಸಿ, ಐಎಸ್‌ಒ ಅನ್ನು ಕನಿಷ್ಠಕ್ಕಿಳಿಸಿ, ಎರಡು ಸೆಕೆಂಡು ತೆರೆದಿಟ್ಟರೆ ಚಿಕ್ಕ ಸೆನ್ಸರ್‌ಗೂ ಬೇಕಾದಷ್ಟು ಬೆಳಕು ಸಿಗುತ್ತದೆ. ದೊಡ್ಡ ಕ್ಯಾಮೆರಾ ಹಣ ಕೇಳುವ ಗುಣವೊಂದು ಈ ಕೆಲಸದಲ್ಲಿ ಬಹುಮಟ್ಟಿಗೆ ಉಪಯೋಗಕ್ಕೇ ಬರುವುದಿಲ್ಲ.

ಉಳಿದದ್ದು ಬೆಳಕಿನ ದಿಕ್ಕು. ಎಲ್ಲವೂ ನಿಂತಿರುವುದು ಇದರ ಮೇಲೆ. ಹುಣ್ಣಿಮೆಯ ಚಂದ್ರನು ಎಷ್ಟೇ ಬೆಳಗಿದರೂ ಅವನ ಮೈಮೇಲಿನ ಕುಳಿಗಳು ಕಾಣವು. ಅಷ್ಟಮಿಯ ಚಂದ್ರನಲ್ಲಿ, ಕತ್ತಲೆ ಬೆಳಕು ಸಂಧಿಸುವ ಗೆರೆಯ ಬಳಿ, ಸಣ್ಣ ಕುಳಿಯೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಕೆತ್ತಿದ ಅಕ್ಷರಕ್ಕೂ ಅದೇ ನಿಯಮ. ಕ್ಯಾಮೆರಾದಲ್ಲಿಯೇ ಕೂಡಿಕೊಂಡಿರುವ ಫ್ಲ್ಯಾಶ್ ಕಲ್ಲನ್ನು ನೇರವಾಗಿ ಬೆಳಗಿ ಅಕ್ಷರಗಳನ್ನು ಅಳಿಸಿಬಿಡುತ್ತದೆ. ಹತ್ತು ಹದಿನೈದು ಡಿಗ್ರಿಯ ಓರೆಯಲ್ಲಿ ಪಕ್ಕದಿಂದ ಹಿಡಿದ ಟಾರ್ಚು ಅವುಗಳನ್ನು ಎಬ್ಬಿಸುತ್ತದೆ. ಬಯಲಿನಲ್ಲಿ ನಿಂತ ಕಲ್ಲಿಗೆ ಈ ಉಪಕಾರವನ್ನು ಬೆಳಗಿನ ಅಥವಾ ಸಂಜೆಯ ಸೂರ್ಯನೇ ಮಾಡುತ್ತಾನೆ, ಕಲ್ಲು ಮುಖ ಮಾಡಿದ ದಿಕ್ಕು ಒಪ್ಪಿದರೆ.

ಸೋಲಾಪುರದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಈ ಭಾಗವು ದಖ್ಖನ್ನಿನ ಲಾವಾ ಹರಿದು ಹೆಪ್ಪುಗಟ್ಟಿದ ಕರಿಗಲ್ಲಿನ ನಾಡು. ಲಾವಾ ತಣಿಯುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಅನೇಕ ಕಡೆ ಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳಾಗಿ ಉಳಿದಿವೆ. ಹಳಗನ್ನಡ ಓದುವವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಲಾವಾದ ಗುಳ್ಳೆಯೊಂದು ಅಕ್ಷರದ ಬದಿಗೆ ಬಂದರೆ ಅನುಸ್ವಾರವಾಗಿ ಕಾಣುತ್ತದೆ. ಸವೆದ ಸೊನ್ನೆಯೊಂದು ಗುಳ್ಳೆಯಂತೆ ಕಂಡು ಓದಿನಿಂದ ಬಿಟ್ಟುಹೋಗುತ್ತದೆ. ಕ್ಯಾಮೆರಾವನ್ನು ಕದಲಿಸದೆ, ಟಾರ್ಚನ್ನು ಮಾತ್ರ ಎಡ, ಬಲ, ಮೇಲು, ಕೆಳಗು ಎಂದು ನಾಲ್ಕು ಕಡೆಗಳಿಂದ ಹಿಡಿದು ನಾಲ್ಕು ಚಿತ್ರಗಳನ್ನು ತೆಗೆದು ಹೋಲಿಸಿದರೆ ಉಳಿಯ ಗುರುತು ಯಾವುದು, ಕಲ್ಲಿನ ಹುಟ್ಟುಗುಣ ಯಾವುದು ಎಂಬುದು ಹೆಚ್ಚಿನಂಶ ಬಗೆಹರಿಯುತ್ತದೆ. ಅಕ್ಷರಗಳಿಗೆ ಸೀಮೆಸುಣ್ಣ ತುಂಬುವ ರೂಢಿಯನ್ನಂತೂ ಕೈಬಿಡಬೇಕು. ಸುಣ್ಣ ತುಂಬಿದವನು ಕಲ್ಲಿನ ಮೇಲೆ ತನ್ನ ಓದನ್ನು ಬರೆದಿರುತ್ತಾನೆ, ಮುಂದಿನವರು ಓದುವುದು ಅದನ್ನೇ.

ಹಾಗಾದರೆ ಮೊಬೈಲ್ ಏಕೆ ಸಾಲದು? ಅದರ ತಂತ್ರಾಂಶ ಚಿತ್ರವನ್ನು ಚೆಂದಗೊಳಿಸಲು ಹೊರಡುತ್ತದೆ: ಒಂದೆಡೆ ನಯಗೊಳಿಸುತ್ತದೆ, ಇನ್ನೊಂದೆಡೆ ಅಂಚುಗಳನ್ನು ತಾನೇ ಚೂಪುಗೊಳಿಸುತ್ತದೆ. ಮುಖಕ್ಕೆ ಇದು ಸರಿ, ಗುಳ್ಳೆ ಯಾವುದು ಸೊನ್ನೆ ಯಾವುದು ಎಂದು ಹುಡುಕುವ ಕಲ್ಲಿಗೆ ಸಲ್ಲದು. ಅಗ್ಗದ ಕಾಂಪ್ಯಾಕ್ಟ್‌ಗಳ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ಅವುಗಳ ಸೆನ್ಸರ್ ಡಿಎಸ್‌ಎಲ್‌ಆರ್‌ನ ಹದಿಮೂರನೆಯ ಒಂದು ಪಾಲಿನಷ್ಟು. ಅವುಗಳಲ್ಲಿ ಹೆಚ್ಚಿನವು ಸಂಸ್ಕರಿಸದ 'ರಾ' ಕಡತವನ್ನು ಉಳಿಸುವುದಿಲ್ಲ, ಬೆಳಕಿನ ಅವಧಿಯನ್ನು ಕೈಯಾರೆ ನಿರ್ಧರಿಸಲೂ ಬಿಡುವುದಿಲ್ಲ. ಅಂಥದನ್ನು ಕೊಳ್ಳುವುದಕ್ಕಿಂತ ಕೊಳ್ಳದಿರುವುದೇ ಲೇಸು. ಬೇಕಾದದ್ದು ಒಂದಿಂಚಿನ ಸೆನ್ಸರ್, ರಾ ಕಡತ, ಕೈಹಿಡಿತದ ನಿಯಂತ್ರಣ ಮತ್ತು ಮೇಲೆ ಕೆಳಗೆ ಬಾಗುವ ಪರದೆ ಇರುವ ಕಾಂಪ್ಯಾಕ್ಟ್. ಸೋನಿಯ ಆರ್‌ಎಕ್ಸ್100ರ ಎರಡನೆಯ ಆವೃತ್ತಿಯಿಂದ ಈಚಿನವು, ಕ್ಯಾನನ್‌ನ ಜಿ7ಎಕ್ಸ್‌ನ ಎರಡನೆಯ ಆವೃತ್ತಿಯಿಂದ ಈಚಿನವು ಈ ಜಾತಿಯವು. ಇವು ಅಗ್ಗವಲ್ಲ ಎಂಬುದನ್ನು ಮುಚ್ಚಿಡಬಾರದು. ಬೆಲೆಯಲ್ಲಿ ಇವು ಪ್ರವೇಶಮಟ್ಟದ ಡಿಎಸ್‌ಎಲ್‌ಆರ್‌ಗೆ ಸಮನಾಗಬಹುದು, ಮೀರಲೂಬಹುದು. ಆದುದರಿಂದ ಉಳಿತಾಯಕ್ಕಾಗಿ ಕಾಂಪ್ಯಾಕ್ಟ್ ಎಂಬ ವಾದ ಇಲ್ಲಿ ನಡೆಯದು.

ಬಾಗುವ ಪರದೆಯ ಬೆಲೆ ತಿಳಿಯುವುದು ಕೂಡಲದಂಥ ಕಡೆ. ತಲೆಯ ಮೇಲಿನ ತೊಲೆ, ಕತ್ತಲೆಯ ಮಂಟಪ, ಹಿಂದೆ ಸರಿಯಲು ಕಂಬಗಳು ಬಿಡವು. ಡಿ3500, ಕ್ಯಾನನ್ 1500ಡಿ ಇವೆರಡರ ಬೆನ್ನಿನ ಪರದೆಯೂ ಸ್ಥಿರವಾದದ್ದು. ತೊಲೆಯನ್ನು ನೇರವಾಗಿ ನೋಡಬೇಕಾದರೆ ಕತ್ತು ಮುರಿಯುವಂತೆ ಮೇಲೆತ್ತಬೇಕು, ಇಲ್ಲವೇ ನೆಲದ ಮೇಲೆ ಅಂಗಾತ ಮಲಗಬೇಕು. ಇನ್ನೂರೈವತ್ತು ಮುನ್ನೂರು ಗ್ರಾಂ ತೂಗುವ ಕಾಂಪ್ಯಾಕ್ಟನ್ನು ಎತ್ತರದ ಕೋಲಿನ ತುದಿಗೆ ಬಿಗಿದು, ಪರದೆಯನ್ನು ಕೆಳಕ್ಕೆ ಬಾಗಿಸಿ, ನಿಂತಲ್ಲಿಂದಲೇ ಚೌಕಟ್ಟನ್ನು ಹೊಂದಿಸಬಹುದು. ಮಸೂರ ಸಹಿತ ಆರುನೂರು ಗ್ರಾಂ ಮೀರುವ ಡಿಎಸ್‌ಎಲ್‌ಆರ್ ಅನ್ನು ಹಾಗೆ ಕೋಲಿಗೇರಿಸುವ ಧೈರ್ಯ ವಿದ್ಯಾರ್ಥಿಗೂ ಬಾರದು, ವಿಭಾಗದ ಮುಖ್ಯಸ್ಥರಿಗಂತೂ ಬಾರದು. ಚಿಕ್ಕ ಸೆನ್ಸರ್‌ನಿಂದ ಇನ್ನೊಂದು ಲಾಭವೂ ಇದೆ: ಒಂದೇ ಎಫ್-ಸಂಖ್ಯೆಗೆ ಅದರಲ್ಲಿ ಹೆಚ್ಚು ಆಳದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ. ದುಂಡುಕಂಬದ ಸುತ್ತ ಹರಿಯುವ ಸಾಲುಗಳಿಗೆ ಇದು ಅನುಕೂಲ.

ಡಿಎಸ್‌ಎಲ್‌ಆರ್‌ನ ಪರವಾಗಿ ಹೇಳಬೇಕಾದದ್ದೂ ಉಂಟು. ಡಿ3500ರ ಬ್ಯಾಟರಿ ತಯಾರಕರ ಅಳತೆಯಲ್ಲಿ 1550 ಚಿತ್ರಗಳವರೆಗೆ ಬಾಳುತ್ತದೆ, ಮೊದಲ ಆರ್‌ಎಕ್ಸ್100ರದು 330ಕ್ಕೆ ಮುಗಿಯುತ್ತದೆ. ಹಳ್ಳಿಗೆ ಹೊರಡುವಾಗ ಎರಡು ಬ್ಯಾಟರಿ ಜೇಬಿಗಿರಲೇಬೇಕು. ಸೋಲಾಪುರದ ಬೇಸಗೆಯ ನಡುಹಗಲಿನಲ್ಲಿ ಪರದೆ ಕಾಣುವುದಿಲ್ಲ, ಕಣ್ಣಿಟ್ಟು ನೋಡುವ ಕಿಂಡಿಯಿದ್ದವರೇ ಗೆದ್ದರು. ದೂಳಿನ ವಿಷಯದಲ್ಲಿ ಇಬ್ಬರಿಗೂ ಸೋಲಿದೆ: ಮಸೂರ ಬದಲಿಸುವಾಗ ಡಿಎಸ್‌ಎಲ್‌ಆರ್‌ನ ಹೊಟ್ಟೆಗೆ ದೂಳು ಹೋಗುತ್ತದೆ, ಆದರೆ ಒರೆಸಲು ಬರುತ್ತದೆ, ಹೊರಬಂದು ಒಳಹೋಗುವ ಕಾಂಪ್ಯಾಕ್ಟ್ ಮಸೂರದೊಳಗೆ ಹೊಕ್ಕ ದೂಳನ್ನು ಮನೆಯಲ್ಲಿ ತೆಗೆಯುವಂತಿಲ್ಲ. ಇನ್ನು ರಾತ್ರಿಯ ಬಯಲಾಟ, ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಸಿದ್ಧರಾಮೇಶ್ವರನ ನಂದಿಧ್ವಜಗಳ ಮೆರವಣಿಗೆ, ಇವುಗಳಿಗೆ ದೊಡ್ಡ ಸೆನ್ಸರ್ ಬೇಕೇ ಬೇಕು. ಆದರೆ ಅಂಥ ಕ್ಯಾಮೆರಾ ಹೊತ್ತ ಮದುವೆಯ ಛಾಯಾಗ್ರಾಹಕರು ಸೋಲಾಪುರದ ಗಲ್ಲಿಗಲ್ಲಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಅವರಲ್ಲೊಬ್ಬರನ್ನು ಕೇಳಿಕೊಳ್ಳುವುದು ಕಷ್ಟವಲ್ಲ. ಕರಜಗಿಯ ಹೊಲದಲ್ಲೋ ಮೈಂದರ್ಗಿಯ ಹಿತ್ತಿಲಲ್ಲೋ ಕಂಡ ಕಲ್ಲಿನ ಮುಂದೆ ಕುಳಿತು ಅರ್ಧ ದಿನ ಟಾರ್ಚು ಹಿಡಿಯಲು ಅವರು ಬರಲಾರರು.

ಕಲ್ಲಿನ ಆಚೆಗೆ ಜನವಿದ್ದಾರೆ. ಅಕ್ಕಲಕೋಟ ತಾಲೂಕಿನ ಮನೆಗಳಲ್ಲಿ ಬೀಸುವ, ಕುಟ್ಟುವ ಹಾಡುಗಳನ್ನು ಬಲ್ಲ ಮುದುಕಿಯರ ಎದುರು ದೊಡ್ಡ ಕ್ಯಾಮೆರಾ ನಿಲ್ಲಿಸಿದರೆ ಸೆರಗು ಸರಿಯಾಗುತ್ತದೆ, ದನಿ ಬಿಗಿಯುತ್ತದೆ, ಕನ್ನಡವು ತಟಕ್ಕನೆ ಶಾಲೆಯ ಕನ್ನಡವಾಗುತ್ತದೆ, ಕೆಲವೊಮ್ಮೆ ಮರಾಠಿಯೇ ಆಗುತ್ತದೆ. ಒಪ್ಪಿಗೆ ಪಡೆದು ಚಿಕ್ಕ ಕ್ಯಾಮೆರಾವನ್ನು ಕಿಟಕಿಯ ಗೂಡಿನಲ್ಲಿಟ್ಟು ಮಾತಿಗೆ ಕುಳಿತರೆ ಎರಡನೆಯ ಹಾಡಿನ ಹೊತ್ತಿಗೆ ಅದು ಅಲ್ಲಿರುವುದೇ ಮರೆತುಹೋಗುತ್ತದೆ. ದನಿಗೆ ಬೇರೆ ರೆಕಾರ್ಡರ್ ಇರಲಿ. ಯಾವ ಕ್ಯಾಮೆರಾದ ಮೈಕನ್ನೂ ಹಾಡಿಗೆ ನೆಚ್ಚಬಾರದು.

ವಿಭಾಗವೊಂದು ಕೊಂಡ ಕ್ಯಾಮೆರಾ ಎಷ್ಟು ದೊಡ್ಡದೋ ಅಷ್ಟು ಭದ್ರವಾಗಿ ಕಪಾಟು ಸೇರುತ್ತದೆ. ಬೀಗದ ಕೈ ಒಬ್ಬರ ಬಳಿ, ನೋಂದಣಿ ಪುಸ್ತಕ ಇನ್ನೊಬ್ಬರ ಬಳಿ, ವಿದ್ಯಾರ್ಥಿಯು ಭಾನುವಾರ ಹಳ್ಳಿಗೆ ಹೊರಡುವಾಗ ಇಬ್ಬರೂ ಊರಲ್ಲಿಲ್ಲ. ಸಿದ್ಧರಾಮನು ಸೊನ್ನಲಿಗೆಯ ಸುತ್ತ ಸ್ಥಾಪಿಸಿದನೆನ್ನುವ ಅರವತ್ತೆಂಟು ಲಿಂಗಗಳನ್ನು ಒಂದು ತರಗತಿಯ ವಿದ್ಯಾರ್ಥಿಗಳು ಹಂಚಿಕೊಂಡು, ಒಂದು ಜೇಬಿನ ಕ್ಯಾಮೆರಾವನ್ನು ಕೈಯಿಂದ ಕೈಗೆ ದಾಟಿಸುತ್ತ, ಒಂದು ಅವಧಿಯಲ್ಲಿ ದಾಖಲಿಸಿ ಮುಗಿಸಬಹುದು. ಅದಕ್ಕೆ ಕ್ಯಾಮೆರಾದ ಜೊತೆಗೆ ಒಂದು ಗಟ್ಟಿ ಟ್ರೈಪಾಡ್, ಎರಡು ಟಾರ್ಚು, ಚಿತ್ರದಲ್ಲಿ ಕಲ್ಲಿನ ಪಕ್ಕಕ್ಕಿಡಲು ಸೆಂಟಿಮೀಟರ್ ಗುರುತಿನ ಅಳತೆಪಟ್ಟಿ, ಎರಡು ಹಾರ್ಡ್‌ಡಿಸ್ಕ್ ಬೇಕು. ಪ್ರತಿ ಕಡತದ ಹೆಸರಿನಲ್ಲಿ ಊರು, ಸ್ಥಳ, ದಿನಾಂಕ, ಬೆಳಕು ಬಂದ ದಿಕ್ಕು ಇರಬೇಕು. ಒಂದು ಹಾರ್ಡ್‌ಡಿಸ್ಕ್ ವಿಭಾಗದಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ. ಕ್ಯಾಮೆರಾ ಮಾತ್ರ ವಿದ್ಯಾರ್ಥಿಯ ಸಹಿಯೊಂದಿಗೆ ಶನಿವಾರ ಸಂಜೆ ಹೊರಬಿದ್ದು ಸೋಮವಾರ ಬೆಳಗ್ಗೆ ಮರಳಬೇಕು.