ಇನ್ನೂ ಕಾಲ ಬಂದಿಲ್ಲವಂತೆ!

ದೇವರ ಮನೆಯಲ್ಲಿ ನ್ಯಾಯದ ಮಾತೆತ್ತಿದಾಗಲೆಲ್ಲ ಮುಂದಿನ ಸಾಲಿನ ದೊಡ್ಡ ಮನುಷ್ಯನೊಬ್ಬ ಎದ್ದು ನಿಲ್ಲುತ್ತಾನೆ. ‘ನೀವು ಹೇಳೋದೆಲ್ಲ ಸರಿ ಸ್ವಾಮಿ, ಆದರೆ ಅದಕ್ಕೆ ಇನ್ನೂ ಕಾಲ ಬಂದಿಲ್ಲ’ ಎನ್ನುತ್ತಾನೆ. ಇವನಿಗೆ ಇಂಥದೇ ಧರ್ಮ ಅಂತಿಲ್ಲ, ಇಂಥದೇ ದೇಶ ಅಂತಿಲ್ಲ, ಸಾವಂತೂ ಇಲ್ಲವೇ ಇಲ್ಲ. ಅಮೆರಿಕದ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಲ್ಲೂ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಇವನು ಠಿಕಾಣಿ ಹೂಡಿದ್ದಾನೆ. ನನ್ನ ಸಿಟ್ಟೆಲ್ಲ ಇವನ ಮೇಲೆ.

2020ರಲ್ಲಿ ಮಿನಿಯಾಪೊಲಿಸ್‌ನ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ನ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದ. ಆ ವರ್ಷದ ಆಗಸ್ಟ್ 28ರಂದು 600ಕ್ಕೂ ಹೆಚ್ಚು ಯಹೂದಿ ಸಂಸ್ಥೆಗಳು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದಿಡೀ ಪುಟದ ಹೇಳಿಕೆ ಹಾಕಿಸಿ, ಕಪ್ಪು ಜನರ ಚಳವಳಿಯ ಜೊತೆ ನಾವಿದ್ದೇವೆ ಎಂದವು. ಒಳ್ಳೆಯದೇ. ಆದರೆ ದೇಶಕ್ಕೆ ದೇಶವೇ ಬೀದಿಗಿಳಿದಾಗ ಹಾಕುವ ಸಹಿಗೆ ಖರ್ಚೆಷ್ಟು? ಒಂದು ಸಭೆ ಯಾರ ಜೊತೆ ನಿಂತಿತು ಎಂದಷ್ಟೇ ಕೇಳಿ ಸುಮ್ಮನಾಗಬಾರದು. ತನ್ನ ಚಂದಾದಾರರಲ್ಲೇ ಯಾರನ್ನು ಎದುರು ಹಾಕಿಕೊಂಡಿತು, ಅದನ್ನು ಕೇಳಬೇಕು.

1861ಕ್ಕೆ ಹೋಗೋಣ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕತೆಯನ್ನು ಪ್ರತಿವರ್ಷ ಪಾಸ್ಕ ಹಬ್ಬದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೇಳುವ ಜನ ಇವರು. ಆ ಜನರ ಹೆಸರಾಂತ ರಬ್ಬಿ, ಅಂದರೆ ಧರ್ಮಗುರು, ಮಾರಿಸ್ ರಾಫಲ್ ಜನವರಿ 4ರಂದು ನ್ಯೂಯಾರ್ಕಿನ ಬ್ನೈ ಜೆಶುರುನ್ ಸಿನಗಾಗ್‌ನ ವೇದಿಕೆ ಹತ್ತಿ, ಗುಲಾಮಗಿರಿ ಪಾಪವೆಂದು ಶಾಸ್ತ್ರದಲ್ಲಿ ಎಲ್ಲಿದೆ ತೋರಿಸಿ ಎಂದು ಸವಾಲು ಹಾಕಿದರು. (ಶಾಸ್ತ್ರ ತೆಗೆದು ತೋರಿಸುವ ಪಂಡಿತರು ನಮಗೇನು ಹೊಸಬರೆ?) ಗುಲಾಮರ ಒಡೆಯರು ಹಿಗ್ಗಿದರು. ಬಾಲ್ಟಿಮೋರಿನ ಹರ್ ಸಿನಾಯ್ ಸಭೆಯ ರಬ್ಬಿ ಡೇವಿಡ್ ಐನ್‌ಹಾರ್ನ್ ಇದಕ್ಕೆ ಬೆಂಕಿಯಂಥ ಉತ್ತರ ಬರೆದರು. ಏಪ್ರಿಲ್‌ನಲ್ಲಿ ಊರಿಗೆ ದೊಂಬಿ ಹತ್ತಿತು. ಐನ್‌ಹಾರ್ನ್ ಹೆಂಡತಿ ಮಕ್ಕಳೊಂದಿಗೆ ಫಿಲಡೆಲ್ಫಿಯಾಕ್ಕೆ ಓಡಿಹೋಗಬೇಕಾಯಿತು. ಆಗ ಅವರದೇ ಸಭೆ ಏನು ಮಾಡಿತು ಗೊತ್ತೆ? ಮರಳಿ ಬನ್ನಿ, ಆದರೆ ಜನರನ್ನು ಕೆರಳಿಸುವ ಸಂಗತಿಗಳನ್ನು ಇನ್ನು ವೇದಿಕೆಯಲ್ಲಿ ಎತ್ತಬೇಡಿ ಎಂದು ಕಾಗದ ಬರೆಯಿತು. ಅವರು ಮರಳಲಿಲ್ಲ. ಇವತ್ತು ಸಮುದಾಯ ಹೆಮ್ಮೆಯಿಂದ ಹೇಳಿಕೊಳ್ಳುವುದು ಐನ್‌ಹಾರ್ನ್ ಹೆಸರನ್ನೇ. ಬದುಕಿದ್ದಾಗ ಬಾಯಿ ಮುಚ್ಚು ಅನ್ನುವುದು, ಸತ್ತ ಮೇಲೆ ಪಟ ತೂಗುಹಾಕುವುದು!

ಅಟ್ಲಾಂಟಾದ ಕತೆ ಇದಕ್ಕಿಂತ ಜಟಿಲ. ಪೀಚ್‌ಟ್ರೀ ಬೀದಿಯಲ್ಲಿ ಜನ ‘ದ ಟೆಂಪಲ್’ ಎಂದೇ ಕರೆಯುವ ಹಳೆಯ ಯಹೂದಿ ಸಭೆಯೊಂದಿದೆ. ಪೆನ್ಸಿಲ್ ಕಾರ್ಖಾನೆಯೊಂದರ ಮೇಲ್ವಿಚಾರಕನಾಗಿದ್ದ ಲಿಯೋ ಫ್ರಾಂಕ್ ಈ ಸಭೆಯ ಸದಸ್ಯ. ಕಾರ್ಖಾನೆಯ 13 ವರ್ಷದ ಹುಡುಗಿಯನ್ನು ಕೊಂದನೆಂದು ಸಡಿಲ ಸಾಕ್ಷ್ಯದ ಮೇಲೆ ಅವನಿಗೆ ಗಲ್ಲು ವಿಧಿಸಿದರು. ರಾಜ್ಯಪಾಲ ಅದನ್ನು ಜೀವಾವಧಿಗೆ ಇಳಿಸಿದ್ದೇ ತಡ, ಗುಂಪೊಂದು ಜೈಲಿಗೆ ನುಗ್ಗಿ ಅವನನ್ನು ಎತ್ತಿಕೊಂಡು ಹೋಗಿ, 1915ರ ಆಗಸ್ಟ್ 17ರಂದು ಮರಿಯೆಟ್ಟಾದಲ್ಲಿ ಮರಕ್ಕೆ ನೇತುಹಾಕಿತು. ನೇತಾಡುವ ಹೆಣದ ಫೋಟೊಗಳು ಅಂಚೆ ಕಾರ್ಡುಗಳಾಗಿ ಮಾರಾಟವಾದವು. ಕಪ್ಪು ಜನಕ್ಕೆ ದಿನನಿತ್ಯ ಆಗುತ್ತಿದ್ದದ್ದು ತಮಗೂ ಆಗಬಹುದೆಂದು ಅಟ್ಲಾಂಟಾದ ಯಹೂದಿಗಳಿಗೆ ಅವತ್ತು ಗೊತ್ತಾಯಿತು. ಗೊತ್ತಾದ ಮೇಲೆ ಅವರು ಕಪ್ಪು ಜನರ ಪಕ್ಕಕ್ಕೆ ಸರಿಯಲಿಲ್ಲ, ಬಿಳಿಯರ ನೆರಳಿಗೆ ಸರಿದರು. ತಲೆ ತಗ್ಗಿಸಿ ವ್ಯಾಪಾರ ಮಾಡಿದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಭಯದ ಬಾಡಿಗೆ ಕಟ್ಟಿದವರು ಯಾರು? ಅವರ ಮನೆಗಳಲ್ಲಿ ಅಡುಗೆ ಮಾಡಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಹೋಗುತ್ತಿದ್ದ ಹೆಂಗಸರು.

1946ರಲ್ಲಿ ಈ ಸಭೆಗೆ ಜೇಕಬ್ ರಾತ್‌ಚೈಲ್ಡ್ ರಬ್ಬಿಯಾಗಿ ಬಂದರು. ಗ್ವಾಡಲ್‌ಕೆನಾಲ್ ಯುದ್ಧದಲ್ಲಿ ಸೈನಿಕರ ರಬ್ಬಿಯಾಗಿ ಗುಂಡಿನ ಸದ್ದು ಕೇಳಿ ಬಂದವರು. ವರ್ಷಕ್ಕೊಮ್ಮೆ ಮಾತ್ರ ಮುಖ ತೋರಿಸುವವರೂ ತಪ್ಪದೆ ಬರುವ ದೊಡ್ಡ ಹಬ್ಬಗಳ ದಿನವೇ ವರ್ಣಭೇದದ ವಿರುದ್ಧ ಉಪದೇಶ ಕೊಡತೊಡಗಿದರು. 1957ರಲ್ಲಿ ಅಟ್ಲಾಂಟಾದ 80 ಪಾದ್ರಿಗಳು ಶಾಲೆಗಳಲ್ಲಿನ ಪ್ರತ್ಯೇಕತೆಯ ಕುರಿತು ಹೊರಡಿಸಿದ ಹೇಳಿಕೆಯನ್ನು ಬರೆಯುವುದಕ್ಕೂ ನೆರವಾದರು. ಅದರ ಭಾಷೆ ಕ್ರೈಸ್ತರದಾದ್ದರಿಂದ ಸಹಿ ಮಾತ್ರ ಹಾಕಲಿಲ್ಲ. ಸಹಿ ಹಾಕಿ ಕೆಲಸ ಮಾಡದವರ ನಡುವೆ ಕೆಲಸ ಮಾಡಿ ಸಹಿ ಹಾಕದ ಮನುಷ್ಯ! ಸಭೆಯೊಳಗೆ ಗೊಣಗಾಟ ಇದ್ದೇ ಇತ್ತು: ಈತನಿಗೆ ಬಾಯಿ ಜಾಸ್ತಿ, ನಮ್ಮ ತಲೆಗೆ ತರುತ್ತಾನೆ.

ತಲೆಗೇ ಬಂತು. 1958ರ ಅಕ್ಟೋಬರ್ 12, ಭಾನುವಾರದ ನಸುಕು. ಸುಮಾರು 50 ಡೈನಮೈಟ್ ಕಡ್ಡಿಗಳು ಟೆಂಪಲ್‌ನ ಪಕ್ಕದ ಗೋಡೆಯನ್ನು ಕಿತ್ತೆಸೆದವು. ಇನ್ನು ಕೆಲವು ಗಂಟೆ ಕಳೆದಿದ್ದರೆ ಭಾನುವಾರದ ಪಾಠಕ್ಕೆ ಮಕ್ಕಳು ಬಂದು ಕೂತಿರುತ್ತಿದ್ದರು. ಐವರ ಮೇಲೆ ಆರೋಪ ಹೊರಿಸಿದರು. ಜಾರ್ಜ್ ಬ್ರೈಟ್ ಎಂಬವನ ವಿಚಾರಣೆ ಎರಡು ಸಲ ನಡೆಯಿತು. ಮೊದಲ ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಎರಡನೇ ಸಲ ಬಿಟ್ಟೇಬಿಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ. ಮರುವಾರದ ಪ್ರಾರ್ಥನೆಗೆ ಮಾತ್ರ ಒಳಗೆ ಕಾಲಿಡಲು ಜಾಗವಿರಲಿಲ್ಲ. ರಬ್ಬಿ ಹಿಂದೆಗೆಯಲಿಲ್ಲ. ಬಾಂಬು ಬೀಳುವವರೆಗೂ ಈತ ಅತಿ ಮಾತಾಡುತ್ತಾನೆ ಎಂದವರಿಗೆ, ತಾವು ಮೌನವಾಗಿದ್ದರೂ ಬಾಂಬು ಹೊಸಿಲಲ್ಲೇ ಇತ್ತು ಎಂಬುದು ತಿಳಿಯಿತು.

ಆರು ವರ್ಷದ ನಂತರ ಮಾರ್ಟಿನ್ ಲೂಥರ್ ಕಿಂಗ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ, ಅವರ ಹುಟ್ಟೂರೇ ಆದ ಅಟ್ಲಾಂಟಾದಲ್ಲಿ ಸನ್ಮಾನದ ಔತಣ ಏರ್ಪಡಿಸಲು ಓಡಾಡಿದ ಕೆಲವೇ ಜನರಲ್ಲಿ ರಾತ್‌ಚೈಲ್ಡ್ ಒಬ್ಬರು. ಊರಿನ ಬಿಳಿ ಸಾಹುಕಾರರು ಟಿಕೆಟ್ ಕೊಳ್ಳಲೊಲ್ಲರು. ಕೊನೆಗೆ ಕೋಕಾ ಕೋಲಾ ಕಂಪನಿಯ ಮುಖ್ಯಸ್ಥ ಪಾಲ್ ಆಸ್ಟಿನ್ ಅವರನ್ನೆಲ್ಲ ಕೂರಿಸಿಕೊಂಡು, ತನ್ನ ಊರಿನ ನೊಬೆಲ್ ವಿಜೇತನನ್ನು ಗೌರವಿಸದ ನಗರದಲ್ಲಿರುವುದು ಕಂಪನಿಗೆ ಮುಜುಗರ ಎಂದು ಗದರಿಸಿದನೆಂದು ಕಿಂಗ್‌ರ ಒಡನಾಡಿ ಆಂಡ್ರ್ಯೂ ಯಂಗ್ ನೆನೆದಿದ್ದಾರೆ. ಟಿಕೆಟ್ ಖರ್ಚಾದವು. 1965ರ ಜನವರಿ 27ರಂದು ಡಿಂಕ್ಲರ್ ಪ್ಲಾಜಾ ಹೋಟೆಲಿನಲ್ಲಿ ಕಪ್ಪು ಬಿಳಿ ಬೆರೆತು ಒಂದೇ ಮೇಜಿಗೆ ಕೂತರು. ಹತ್ತೊಂಬತ್ತು ವರ್ಷದ ಉಪದೇಶಕ್ಕೆ ಕರಗದ ಎದೆಗಳು ಸೋಡಾ ಬಾಟಲಿಯ ಲೆಕ್ಕಕ್ಕೆ ಕರಗಿದವು. ನಾನು ನಗುತ್ತಿಲ್ಲ.

ಕಾಲ ಬಂದಿಲ್ಲ ಎಂಬ ಮಾತಿಗೆ ಕಾಗದದ ಸಾಕ್ಷಿಯೇ ಇದೆ. 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಎಂಟು ಧರ್ಮಗುರುಗಳು ಕಿಂಗ್‌ರ ಹೋರಾಟವನ್ನು ಅವಿವೇಕ, ಅಕಾಲಿಕ ಎಂದು ಕರೆದು ಪ್ರಕಟಣೆ ಕೊಟ್ಟರು. ಎಂಟರಲ್ಲಿ ಏಳು ಜನ ಕ್ರೈಸ್ತರು, ಒಬ್ಬರು ಟೆಂಪಲ್ ಇಮಾನುಎಲ್‌ನ ರಬ್ಬಿ ಮಿಲ್ಟನ್ ಗ್ರಾಫ್‌ಮನ್. ಜೈಲಿನಿಂದ ಕಿಂಗ್ ಬರೆದ ಆ ಜಗತ್ಪ್ರಸಿದ್ಧ ಪತ್ರ ಇವರಿಗೇ ಬರೆದದ್ದು. ಗ್ರಾಫ್‌ಮನ್ ದುಷ್ಟರಲ್ಲ, ಅದೇ ಊರಿನ ಇನ್ನೊಂದು ಸಿನಗಾಗ್‌ನಲ್ಲಿ 1958ರಲ್ಲಿ 54 ಕಡ್ಡಿ ಡೈನಮೈಟ್ ಸಿಡಿಯದೆ ಉಳಿದದ್ದು ಅವರಿಗೆ ಗೊತ್ತಿತ್ತು. ಒಳ್ಳೆಯವರ ಅಳುಕನ್ನೇ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿ ಜನಾಂಗವಾದಿ ಗುಂಪಿನವರು ನೆಚ್ಚಿಕೊಂಡಿದ್ದರು ಎಂಬುದು ನನ್ನ ತಕರಾರು.

1964ರ ಜೂನಿನಲ್ಲಿ 16 ರಬ್ಬಿಗಳು ತಮ್ಮ ಸಮ್ಮೇಳನ ಬಿಟ್ಟು ಫ್ಲಾರಿಡಾದ ಸೇಂಟ್ ಆಗಸ್ಟೀನ್‌ಗೆ ಹೋದರು. ಕಿಂಗ್ ಕರೆದಿದ್ದರು. ಜೂನ್ 18ರಂದು ಹೆಚ್ಚಿನವರು ಮಾನ್ಸನ್ ಮೋಟೆಲಿನ ಅಂಗಳದಲ್ಲಿ ಪ್ರಾರ್ಥಿಸುತ್ತ ಸೆರೆಯಾದರು. ಅಲ್ಲೇ ಈಜುಕೊಳದಲ್ಲಿ ಕಪ್ಪು ಬಿಳಿ ಜನ ಕೂಡಿ ಇಳಿದದ್ದಕ್ಕೆ ಮೋಟೆಲಿನ ಮ್ಯಾನೇಜರ್ ನೀರಿಗೆ ಆಸಿಡ್ ಸುರಿಯುತ್ತಿದ್ದ. ರಾತ್ರಿ ಸೆರೆಮನೆಯ ಓಣಿಯ ಒಂಟಿ ಬಲ್ಬಿನ ಬೆಳಕಿನಲ್ಲಿ, ಕ್ಲಾನಿನ ಹಲ್ಲೆಗಳ ವರದಿಯ ಹಾಳೆಗಳ ಬೆನ್ನ ಮೇಲೆ, ಯಾಕೆ ಬಂದೆವೆಂದು ಜಂಟಿಯಾಗಿ ಪತ್ರ ಬರೆದರು. ಮೌನದ ಬೆಲೆಯನ್ನು ನಮ್ಮ ಜನ ಇದೇ ಶತಮಾನದಲ್ಲಿ ತೆತ್ತಿದ್ದಾರೆ ಎಂಬುದು ಅದರ ತಾತ್ಪರ್ಯ. ಮೂರೇ ದಿನದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ತರುಣ ಜೇಮ್ಸ್ ಚೇನಿಯನ್ನೂ ಅವನ ಇಬ್ಬರು ಯಹೂದಿ ಸಂಗಾತಿಗಳಾದ ಗುಡ್‌ಮನ್ ಮತ್ತು ಶ್ವರ್ನರ್‌ರನ್ನೂ ಕೊಂದು ಮಣ್ಣಿನಡಿ ಹೂತರು.

ಈ ಹಿರಿಮೆಯನ್ನು ಇವತ್ತಿನ ಸಭೆಗಳು ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿವೆ. ಗೋಡೆಯಿಂದ ಬಾಗಿಲಿಗೆ ಬನ್ನಿ. 2018ರಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ 11 ಜನರನ್ನು ಗುಂಡಿಟ್ಟು ಕೊಂದ ಮೇಲೆ ಬಾಗಿಲಿಗೆ ಕಾವಲು ಬಿಗಿಯಾಯಿತು. ತಪ್ಪೆನ್ನಲಾರೆ. ಆದರೆ ಆ ಕಾವಲುಗಾರ ತಡೆದು ‘ನೀವ್ಯಾರು’ ಎಂದು ಕೇಳುವುದು ಯಾರನ್ನು? ಕಪ್ಪು ಯಹೂದಿಯನ್ನು! 2021ರಲ್ಲಿ ಬಿಳಿಯರಲ್ಲದ ಯಹೂದಿಗಳ ನಡುವೆ ನಡೆದ ‘ಬಿಯಾಂಡ್ ದ ಕೌಂಟ್’ ಅಧ್ಯಯನದಲ್ಲಿ ಶೇ. 80ರಷ್ಟು ಜನ ಯಹೂದಿ ಆವರಣಗಳಲ್ಲೇ ತಾರತಮ್ಯ ಉಂಡಿದ್ದೇವೆ ಎಂದರು. ಟೈಮ್ಸ್‌ನ ಪುಟ ಯಾರಿಗಾಗಿ ಹಾಕಿಸಿದ್ದು ಹಾಗಾದರೆ?

ಈಗ ನಮ್ಮವರ ಸರದಿ. ಇದನ್ನು ಓದಿ ಯಹೂದಿಗಳ ಹುಳುಕೆಂದು ಚಪ್ಪರಿಸುವವರ ಸರದಿ. ಭಾರತದಿಂದ ವರ್ಷಕ್ಕೆ 100 ಜನ ವಲಸೆ ಬರಬಹುದೆಂದು 1946ರಲ್ಲಿ ಅಮೆರಿಕ ಮಾಡಿದ ಕಾನೂನಿನಲ್ಲೂ, ಆ ಬಾಗಿಲನ್ನು ಅಗಲವಾಗಿ ತೆರೆದ 1965ರ ಕಾನೂನಿನಲ್ಲೂ ಇರುವ ಹೆಸರು ಬ್ರೂಕ್ಲಿನ್ನಿನ ಯಹೂದಿ ಸಂಸದ ಇಮಾನುಎಲ್ ಸೆಲ್ಲರ್. 1964ರ ನಾಗರಿಕ ಹಕ್ಕುಗಳ ಕಾನೂನನ್ನು ಕೆಳಮನೆಯಲ್ಲಿ ದಡ ಮುಟ್ಟಿಸಿದವರೂ ಅವರೇ. ಕಪ್ಪು ಜನ ನಾಯಿ ಕಡಿಸಿಕೊಂಡು, ಜೈಲು ತುಂಬಿ ಗೆದ್ದ ಆ ಗಾಳಿಯಲ್ಲೇ ನಮ್ಮ ಎಂಜಿನಿಯರು, ಡಾಕ್ಟರುಗಳ ವಿಮಾನ ಇಳಿದದ್ದು. ಇಳಿದವರು ಸೂಟ್‌ಕೇಸಿನಲ್ಲಿ ಜಾತಿಯನ್ನೂ ತಂದಿದ್ದರು. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯ ನಿಷೇಧಿಸಿದಾಗ ಹಿಂದೂ ಸಂಘಟನೆಗಳು ವಿರೋಧಿಸಿದವು. ಕ್ಯಾಲಿಫೋರ್ನಿಯಾ ಶಾಸನಸಭೆ ಅಂಗೀಕರಿಸಿದ ಅಂಥದೇ ಮಸೂದೆಗೆ ಅಕ್ಟೋಬರಿನಲ್ಲಿ ಗವರ್ನರ್ ನ್ಯೂಸಮ್ ಅಂಕಿತ ಹಾಕಲಿಲ್ಲ. ಇರುವ ಕಾನೂನೇ ಸಾಕೆಂದರು.

ವರ್ಷ ವರ್ಷ ಬಸವ ಜಯಂತಿ ಮಾಡುವ ಅಮೆರಿಕದ ಕನ್ನಡ ಕೂಟಗಳೇ, ಆ ದಿನಗಳಲ್ಲಿ ನೀವೆಲ್ಲಿದ್ದಿರಿ? ನಿಮ್ಮ ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಜಾತಿ ತಾರತಮ್ಯದ ವಿರುದ್ಧ ಒಂದು ನಿರ್ಣಯ ಹಾಕಿ. ಪ್ರಾಯೋಜಕರಲ್ಲಿ ಯಾರು ಕುರ್ಚಿ ಸರಿಸಿ ಎದ್ದು ಹೋಗುತ್ತಾರೋ ಅವರ ಹೆಸರು ಬರೆದಿಟ್ಟುಕೊಳ್ಳಿ.