ಸುಕ್ಕಿನ ಚುಚ್ಚುಮದ್ದು: ಬಾಳಿಕೆಯ ಲೆಕ್ಕ ಇಲ್ಲಿ ಸಲ್ಲದು

ಮುಖದ ಸುಕ್ಕು ನಿವಾರಿಸುವ ಚುಚ್ಚುಮದ್ದು ಇಂದು ಚಲನಚಿತ್ರ ತಾರೆಯರ ಗುಟ್ಟಾಗಿ ಉಳಿದಿಲ್ಲ. ಬೆಂಗಳೂರಿನ ಬಡಾವಣೆಗಳ ಚರ್ಮ ಚಿಕಿತ್ಸಾಲಯಗಳಲ್ಲಿ ಅದು ಸುಲಭವಾಗಿ ದೊರೆಯುತ್ತದೆ. ದಿನವಿಡೀ ಗ್ರಾಹಕರ ಎದುರು ಕುಳಿತು ವ್ಯವಹರಿಸುವ ವರ್ತಕರೂ ಅವರ ಕುಟುಂಬದವರೂ ಅದರತ್ತ ಒಲವು ತೋರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಸುಕ್ಕು ತೆಗೆಸುವುದು ಅಗತ್ಯವೇ ಎಂಬ ಚರ್ಚೆ ಬೇರೆ. ತೆಗೆಸಬೇಕೆಂದು ನಿರ್ಧರಿಸಿದ ಮೇಲೆ ಯಾವುದನ್ನು ಆರಿಸಬೇಕೆಂಬುದು ಖರೀದಿಯ ಪ್ರಶ್ನೆಯೇ ಸರಿ. ಆದರೆ ಹೆಚ್ಚು ಕಾಲ ಬಾಳುವ ಸರಕೇ ಲಾಭದ ಸರಕು ಎಂಬ ಅಂಗಡಿಯ ಪಾಠ ಇಲ್ಲಿ ದಾರಿ ತಪ್ಪಿಸುತ್ತದೆ.

'ಬೊಟಾಕ್ಸ್ ಹಾಕಿಸುವುದು' ಎಂಬ ಒಂದೇ ಮಾತಿನಲ್ಲಿ ಜನರು ಎರಡು ಭಿನ್ನ ಪದಾರ್ಥಗಳನ್ನು ಬೆರೆಸಿಬಿಡುತ್ತಾರೆ. ಬೊಟಾಕ್ಸ್ ಎಂಬುದು ಬೊಟುಲಿನಮ್ ಟಾಕ್ಸಿನ್ ಎಂಬ ಔಷಧದ ಒಂದು ವ್ಯಾಪಾರನಾಮ. ಅದು ನರದ ಸಂಕೇತವನ್ನು ತಡೆದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಫಿಲ್ಲರ್ ಹಾಗಲ್ಲ, ಅದು ತಗ್ಗಾದ ಜಾಗವನ್ನು ತುಂಬುವ ಜೆಲ್. ಹುಬ್ಬು ಗಂಟಿಕ್ಕಿದಾಗ ಅಥವಾ ನಕ್ಕಾಗ ಏಳುವ ಗೆರೆಗಳು ಸ್ನಾಯುವಿನವು. ಅವುಗಳಿಗೆ ಮೊದಲನೆಯದು ಸಲ್ಲುತ್ತದೆ. ಮುಖ ಸುಮ್ಮನಿದ್ದಾಗಲೂ ಮೂಗಿನ ಪಕ್ಕದಿಂದ ಬಾಯಂಚಿಗೆ ಇಳಿದು ನಿಲ್ಲುವ ಮಡಿಕೆಗೆ ಸಾಮಾನ್ಯವಾಗಿ ಎರಡನೆಯದು. ಕನ್ನಡಿಯ ಮುಂದೆ ನಿಂತು ಇಷ್ಟನ್ನು ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು. ಇದಕ್ಕೆ ಸಲಹಾ ಶುಲ್ಕವಿಲ್ಲ.

ಬೊಟಾಕ್ಸ್ ಮೊದಲು ಬಂದುದು ಸೌಂದರ್ಯಕ್ಕಾಗಿ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣಿನ ಚಿಕಿತ್ಸೆಗೆಂದು ಬೆಳೆಸಿದ ಔಷಧಕ್ಕೆ 1989ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅನುಮತಿ ನೀಡಿತು. ಹುಬ್ಬುಗಳ ನಡುವಿನ ಗೆರೆಗೆ ಅದೇ ಔಷಧಕ್ಕೆ ಅನುಮತಿ ದೊರೆತದ್ದು 2002ರಲ್ಲಿ. ಅದರ ಒಡೆತನ ಹೊಂದಿದ್ದ ಅಲರ್ಗನ್ ಸಂಸ್ಥೆಯನ್ನು 2020ರಲ್ಲಿ ಅಬ್ವೀ ಸಂಸ್ಥೆ ಕೊಂಡಿತು. ಹಿಂದಿನ ವರ್ಷ ಘೋಷಿಸಿದ ಬೆಲೆ ಸುಮಾರು 6,300 ಕೋಟಿ ಡಾಲರ್. ಅಲರ್ಗನ್‌ನ ಬತ್ತಳಿಕೆಯಲ್ಲಿ ಬೇರೆ ಔಷಧಗಳೂ ಇದ್ದವೆನ್ನಿ.

ಈಗ ಬಾಳಿಕೆಯ ಮಾತು. ಬೊಟುಲಿನಮ್ ಪರಿಣಾಮ ಸುಮಾರು ಮೂರು ನಾಲ್ಕು ತಿಂಗಳು. ಹೈಯಲುರಾನಿಕ್ ಆಮ್ಲದ ಫಿಲ್ಲರ್ ಅರ್ಧ ವರ್ಷದಿಂದ ಒಂದೂವರೆ ವರ್ಷದವರೆಗೆ ನಿಲ್ಲುತ್ತದೆ. ಪಿ.ಎಂ.ಎಂ.ಎ. ಎಂಬ ಪ್ಲಾಸ್ಟಿಕ್ಕಿನ ಸೂಕ್ಷ್ಮ ಗೋಲಿಗಳಿರುವ ಫಿಲ್ಲರ್ ಶಾಶ್ವತ. ವರ್ಷಕ್ಕೆ ಮೂರು ಬಾರಿ ತೆರುವುದಕ್ಕಿಂತ ಒಮ್ಮೆಗೇ ತೆತ್ತು ಮುಗಿಸುವುದು ಮೇಲೆಂದು ಲೆಕ್ಕದ ಪುಸ್ತಕ ಹೇಳುತ್ತದೆ. ಆದರೆ ಗೋಲಿ ಇದ್ದಲ್ಲೇ ಇರುತ್ತದೆ, ಮುಖ ಇರುವುದಿಲ್ಲ. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗಿ ಮೂಳೆಯೂ ಸವೆದು, ಐವತ್ತರಲ್ಲಿ ಒಪ್ಪಿದ ತುಂಬು ಅರವತ್ತೈದರಲ್ಲಿ ಉಬ್ಬಾಗಿ ಎದ್ದು ಕಾಣಬಹುದು. ಚುಚ್ಚಿಸಿಕೊಂಡ ಎಷ್ಟೋ ವರ್ಷಗಳ ಮೇಲೆ ಗಂಟುಗಳು ಏಳುವುದೂ ಉಂಟು. ಆಗ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಗತಿ. ಹೈಯಲುರಾನಿಕ್ ಆಮ್ಲದ ಜೆಲ್ ಇಷ್ಟವಾಗದಿದ್ದರೆ ಹೈಯಲುರೊನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಕರಗಿಸಬಹುದು. ಕ್ಯಾಲ್ಸಿಯಂ ಆಧಾರಿತ ಫಿಲ್ಲರುಗಳನ್ನು ಅದು ಕರಗಿಸದು. ಹೀಗಿರುವಾಗ ಮೊದಲ ಬಾರಿ ಹೋಗುವವರು ತಾನಾಗಿಯೇ ಇಳಿದುಹೋಗುವುದನ್ನೋ ಕರಗಿಸಲು ಬರುವುದನ್ನೋ ಬಿಟ್ಟು ಶಾಶ್ವತವಾದುದನ್ನು ಕೇಳುವುದು ಅವಿವೇಕ. ಹಿಂದಿರುಗಿಸಲಾಗದ ಸರಕನ್ನು ಮಾದರಿ ನೋಡದೆ ಯಾವ ವರ್ತಕನೂ ಗೋದಾಮಿಗೆ ಇಳಿಸಿಕೊಳ್ಳುವುದಿಲ್ಲ.

ಇದು ಕೇವಲ ಅಂದದ ಮಾತಲ್ಲ. ಫಿಲ್ಲರ್ ತಪ್ಪಿ ರಕ್ತನಾಳದೊಳಗೆ ಸೇರಿದರೆ ಚರ್ಮ ಕೊಳೆಯಬಹುದು, ದೃಷ್ಟಿಯೇ ಹೋಗಬಹುದು. ಈ ಬಗ್ಗೆ ಅಮೆರಿಕದ ಔಷಧ ಆಡಳಿತ 2015ರಲ್ಲೇ ಎಚ್ಚರಿಸಿದೆ. ಇಂತಹ ಅವಘಡ ವಿರಳವೆಂಬುದು ನಿಜ. ಆದರೆ ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಅಪಾಯ ಹೆಚ್ಚು. ಹುಬ್ಬಿನ ನಡುವಿನ ಗೆರೆಗೆ ಫಿಲ್ಲರನ್ನು ಮೊದಲ ಆಯ್ಕೆಯಾಗಿ ಸೂಚಿಸುವವರನ್ನು ಕಾರಣ ಕೇಳಲೇಬೇಕು. ಹೈಯಲುರೊನಿಡೇಸ್ ಈ ಹೊತ್ತಿನಲ್ಲಿ ಚಿಕಿತ್ಸಾಲಯದ ದಾಸ್ತಾನಿನಲ್ಲಿದೆಯೇ ಎಂಬುದು ಅದರ ಬೆನ್ನಿಗೇ ಕೇಳಬೇಕಾದ ಪ್ರಶ್ನೆ. ಉತ್ತರಕ್ಕೆ ತಡವರಿಸುವ ಕಡೆಯಿಂದ ಎದ್ದು ಬರುವುದೇ ಲೇಸು.

ಅಳತೆಯ ವಿಷಯದಲ್ಲಿಯೂ ಮೋಸಕ್ಕೆ ಎಡೆಯಿದೆ. ಹುಬ್ಬುಗಳ ನಡುವಿನ ಗೆರೆಗೆ ಬೊಟಾಕ್ಸ್‌ನ ಅನುಮೋದಿತ ಪ್ರಮಾಣ 20 ಯೂನಿಟ್. ಡಿಸ್ಪೋರ್ಟ್ ಎಂಬ ಇನ್ನೊಂದು ಉತ್ಪನ್ನದ್ದು 50. ಹಿಂದೆ ಊರಿಂದೂರಿಗೆ ಸೇರಿನ ಅಳತೆ ಬದಲಾಗುತ್ತಿದ್ದಂತೆ, ಒಂದು ಕಂಪನಿಯ ಯೂನಿಟ್ ಇನ್ನೊಂದರದಕ್ಕೆ ಸಮನಲ್ಲ. ಆದುದರಿಂದ ಯೂನಿಟ್ಟಿಗೆ ಕಡಿಮೆ ದರವೆಂಬ ಜಾಹೀರಾತು ಉತ್ಪನ್ನದ ಹೆಸರಿಲ್ಲದೆ ಅರ್ಥಹೀನ. ಬೊಟಾಕ್ಸ್ ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ; ಲವಣಜಲ ಬೆರೆಸುವುದು ಚಿಕಿತ್ಸಾಲಯದಲ್ಲಿ. ಎಷ್ಟು ಬೆರೆಸಿದರೆಂಬುದು ಸಿರಿಂಜನ್ನು ನೋಡಿ ತಿಳಿಯುವುದಿಲ್ಲ. ಸೀಸೆಯನ್ನು ಕಣ್ಣೆದುರೇ ತೆರೆಯುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ, ಚುಚ್ಚಿದ ಯೂನಿಟ್ ಅಥವಾ ಮಿಲಿಲೀಟರ್ ಇವಿಷ್ಟೂ ಬಿಲ್ಲಿನಲ್ಲಿರಬೇಕು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್ ಪತ್ತೆಯಾಗಿ, ಚುಚ್ಚಿಸಿಕೊಂಡವರು ಆಸ್ಪತ್ರೆ ಸೇರಿದ್ದರು. ಅಲ್ಲಿ ನಡೆದದ್ದು ಇಲ್ಲಿ ನಡೆಯದೆಂದು ನಂಬಲು ಕಾರಣವಿಲ್ಲ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಚಿಕಿತ್ಸಾಲಯಕ್ಕೆ ನೋಂದಣಿ ಕಡ್ಡಾಯ. ಆ ಪ್ರಮಾಣಪತ್ರವನ್ನು ನೋಡಲು ಕೇಳಬಹುದು. ಬಿಲ್ಲಿಲ್ಲದೆ ಒಂದು ಮೂಟೆ ಸಿಮೆಂಟನ್ನೂ ಇಳಿಸಿಕೊಳ್ಳದವರು ಬ್ಯೂಟಿ ಪಾರ್ಲರಿನ ರಿಯಾಯಿತಿಗೆ ಮುಖವೊಡ್ಡುವುದು ವಿಚಿತ್ರವೇ ಸರಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಯಸ್ತೇನಿಯಾದಂತಹ ನರ-ಸ್ನಾಯು ಕಾಯಿಲೆಯಿರುವವರು ಬೊಟುಲಿನಮ್‌ನಿಂದ ದೂರವಿರುವುದು ಒಳಿತು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಇನ್ನು ಮನೆಯ ಮದುವೆಗೆ ಎರಡು ದಿನ ಮೊದಲು ಓಡುವವರ ಮಾತು. ಬೊಟುಲಿನಮ್ ಪೂರ್ಣ ಪರಿಣಾಮ ತೋರಲು ಸುಮಾರು ಎರಡು ವಾರ ಹಿಡಿಯುತ್ತದೆ. ಫಿಲ್ಲರಿನ ಊತ, ಕಂದು ಕಲೆ ಇಳಿಯಲೂ ಹಲವು ದಿನ ಬೇಕು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗಾದರೂ ವೈದ್ಯರನ್ನು ಕಾಣುವುದು ಸೂಕ್ತ.